ಪಹಣಿಯಲ್ಲಿ ಅಮ್ಮನ ಹೆಸರಿದೆಯಾ?

ನಮಸ್ಕಾರ. ಹಾಸನದಿಂದ ಮಾತಾಡುತ್ತಿದ್ದೇನೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡಸಿಗೆ ಅರವತ್ತು ತುಂಬಿದರೆ ಶಾಂತಿ ಮಾಡಿಸುತ್ತಾರೆ. ಛತ್ರ ಹಿಡಿಯುತ್ತಾರೆ, ಹೋಮ ಆಗುತ್ತದೆ, ಮಕ್ಕಳು ಬೆಂಗಳೂರಿಂದ ಬರುತ್ತಾರೆ. ಅಪ್ಪನ ಕೈಯಲ್ಲಿ ಅಮ್ಮನಿಗೆ ಇನ್ನೊಂದು ಸಲ ತಾಳಿ ಕಟ್ಟಿಸಿ ಊರಿಗೆಲ್ಲ ಊಟ ಹಾಕಿಸುತ್ತಾರೆ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಅಮ್ಮನೂ ಪಕ್ಕದಲ್ಲೇ ಕೂತಿರುತ್ತಾಳೆ, ಹೊಸ ಸೀರೆ ಉಟ್ಟಿರುತ್ತಾಳೆ. ಆದರೆ ಲೆಕ್ಕ ಹಿಡಿಯುವುದು ಅಪ್ಪನ ವಯಸ್ಸನ್ನು. ಅಮ್ಮನಿಗೆ ಅರವತ್ತಾದ ದಿನ ಯಾವುದು ಅಂತ ಮನೆಯಲ್ಲಿ ಕೇಳಿ ನೋಡಿ. ಎಷ್ಟೋ ಅಮ್ಮಂದಿರ ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇರುತ್ತದೆ. ಬರೆಸುವಾಗ ಯಾರಿಗೂ ದಿನ ಗೊತ್ತಿರಲಿಲ್ಲ, ಹಾಕಿಬಿಟ್ಟರು. ಅಪ್ಪ ಮೊದಲೇ ತೀರಿಕೊಂಡಿದ್ದರಂತೂ ಅಮ್ಮನ ಅರವತ್ತಕ್ಕೆ ಶಾಂತಿಯೂ ಇಲ್ಲ, ಊಟವೂ ಇಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಈ ಲೆಕ್ಕದ ಬಗ್ಗೆ. ನಮ್ಮ ಊರುಗಳಲ್ಲಿ ಯಾರು ದೊಡ್ಡವರು, ಯಾರ ಮಾತು ನಡೆಯುತ್ತದೆ, ಯಾರು ಕೈ ಚಾಚಬೇಕು, ಇದೆಲ್ಲ ತೀರ್ಮಾನ ಆಗುವುದು ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಯಾರ ಹೆಸರಿದೆ ಅನ್ನುವುದರ ಮೇಲೆ. ಗಂಡಸಿಗೆ ಆ ಹೆಸರು ತಡವಾಗಿಯಾದರೂ ಬರುತ್ತದೆ. ಹೆಂಗಸಿಗೆ ಎಷ್ಟೋ ಸಲ ಸಾಯುವ ತನಕ ಬರುವುದೇ ಇಲ್ಲ.

ಗಂಡಸರ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಯಾವ ಊರಿಗೆ ಬೇಕಾದರೂ ಹೋಗಿ. ನಲವತ್ತು ದಾಟಿದ ಮಗ ತೋಟದ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿರುತ್ತಾನೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಯಾವಾಗ ಮಾಡಿಸಬೇಕು, ಯಾವ ಗೊಬ್ಬರ, ಎಷ್ಟು ಆಳು, ಎಲ್ಲ ಅವನಿಗೇ ಗೊತ್ತು. ಆದರೆ ಕಾಫಿ ಮಾರಿದ ದುಡ್ಡು ಅಪ್ಪನ ಖಾತೆಗೆ ಹೋಗುತ್ತದೆ. ಪೆಟ್ರೋಲಿಗೆ ಅಪ್ಪನನ್ನು ಕೇಳಬೇಕು. ಸೊಸೈಟಿ ಸಾಲಕ್ಕೂ ಅಪ್ಪನ ಸಹಿ ಬೇಕು. ಮದುವೆ ಆಗಿಲ್ಲ ಅಂದರೆ ಇನ್ನೂ ಕಷ್ಟ. ಮೂವತ್ತೈದು ದಾಟಿದ, ಹೆಣ್ಣು ಸಿಗದ ರೈತರ ಮಕ್ಕಳು ಇವತ್ತು ಪ್ರತಿ ಹಳ್ಳಿಯಲ್ಲೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಆ ಸುದ್ದಿ ನೋಡಿ ತುಂಬಾ ಜನ ನಕ್ಕರು. ನನಗೆ ನಗು ಬರಲಿಲ್ಲ. ಮದುವೆ ಆಗದವನನ್ನು ಊರಿನ ನ್ಯಾಯ ಪಂಚಾಯ್ತಿಗೆ ಕರೆಯುವುದಿಲ್ಲ, ಮನೆಯಲ್ಲಿ ಅಭಿಪ್ರಾಯ ಕೇಳುವುದಿಲ್ಲ. ಗಡ್ಡ ನರೆತರೂ ಅವನಿನ್ನೂ ಹುಡುಗನೇ.

ಆದರೂ ಒಂದು ವ್ಯತ್ಯಾಸ ಇದೆ. ಅಪ್ಪ ಹೋದ ಮೇಲೆ ಪೌತಿ ಖಾತೆ ಆಗುತ್ತದೆ, ಅಂದರೆ ಜಮೀನಿನ ಖಾತೆ ವಾರಸುದಾರರಿಗೆ ಬದಲಾಗುತ್ತದೆ, ಆ ಮಗನ ಹೆಸರು ಬರುತ್ತದೆ. ಅವನ ಅಕ್ಕ ತಂಗಿಯರದ್ದು?

ನಮ್ಮ ಮನೆಯದ್ದೇ ಹೇಳುತ್ತೇನೆ. ನಮ್ಮಕ್ಕನ ಮದುವೆ ಆಗಿದ್ದು 1991ರಲ್ಲಿ, ನನ್ನದು 1998ರಲ್ಲಿ. ನಡುವೆ 1994ರ ಜುಲೈ 30ಕ್ಕೆ ಕರ್ನಾಟಕದ ಕಾನೂನು ಬದಲಾಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಹಾಗೇ ಹುಟ್ಟಿನಿಂದಲೇ ಹಕ್ಕು ಅಂತ ಆಯಿತು. ದೇಶಕ್ಕೆಲ್ಲ ಈ ಕಾನೂನು ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ನಮ್ಮ ರಾಜ್ಯದಲ್ಲಿ ಬಂತು, ಅದು ಹೆಮ್ಮೆಯ ವಿಷಯವೇ. ಆದರೆ ಅದರಲ್ಲಿ ಒಂದು ಸಾಲು ಇತ್ತು. ಆ ದಿನಕ್ಕಿಂತ ಮೊದಲು ಮದುವೆ ಆದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ನನಗೆ ಹಕ್ಕಿತ್ತು, ಅಕ್ಕನಿಗೆ ಇರಲಿಲ್ಲ. ಅಕ್ಕ ಮಾಡಿದ ತಪ್ಪು ಏನು? ಮೊದಲು ಹುಟ್ಟಿದ್ದು, ಅಪ್ಪ ಹೇಳಿದ ವಯಸ್ಸಿಗೆ ಮದುವೆ ಆಗಿದ್ದು.

ಆಮೇಲೆ 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಜಾರಿಗೆ ಬಂತು, ಮದುವೆಯ ಷರತ್ತು ಹೋಯಿತು. ಆಗಲೂ ಗೊಂದಲ ಪೂರ್ತಿ ಹೋಗಲಿಲ್ಲ. ಅಪ್ಪ ಆ ದಿನ ಬದುಕಿರಬೇಕಾ ಬೇಡವಾ ಅಂತ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಹಕ್ಕು ಬರುವುದು ಹುಟ್ಟಿನಿಂದ, ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಅಂತ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಆಗಿಯೋ ಕೋರ್ಟ್ ಡಿಕ್ರಿಯಿಂದಲೋ ಮುಗಿದ ವಿಭಾಗಗಳನ್ನು ಮತ್ತೆ ತೆರೆಯುವಂತಿಲ್ಲ. ಲೆಕ್ಕ ಹಾಕಿ. ಅಕ್ಕನ ಹಾಗೆ 1991ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಮದುವೆ ಆದ ಹೆಣ್ಣುಮಗಳಿಗೆ ಆ ತೀರ್ಪು ಬರುವ ಹೊತ್ತಿಗೆ ಐವತ್ತರ ಹತ್ತಿರ. ಅವಳು ಬದುಕು ಕಟ್ಟಿಕೊಳ್ಳಬೇಕಾಗಿದ್ದ ಅಷ್ಟೂ ವರ್ಷ ಕಳೆದುಹೋದವು. ಈಗ ಅರವತ್ತರ ಹತ್ತಿರ ಇರುವ ಹೆಂಗಸರೆಲ್ಲ ಇದೇ ತಲೆಮಾರಿನವರು.

ಹಕ್ಕು ಇದ್ದವರಾದರೂ ಪಡೆದೆವಾ? ನಾನೂ ಸಹಿ ಹಾಕಿದವಳೇ. ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದಕ್ಕೆ ಹಕ್ಕು ಬಿಡುಗಡೆ ಪತ್ರ ಅಂತ ಕರೆಯುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಏನೋ ಒಂದಿಷ್ಟು ಕೊಡುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಗೆ ಬಂದ ಮೇಲೆ ಅಣ್ಣ ಹೋಟೆಲಿಗೆ ಕರೆದುಕೊಂಡು ಹೋಗಿ ತಿಂಡಿ ಕೊಡಿಸುತ್ತಾನೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ. ಗೌರಿ ಹಬ್ಬಕ್ಕೆ ಬಾಗಿನ ಯಾರು ಕೊಡುತ್ತಾರೆ ಅನ್ನುವ ಭಯ. ಆ ಭಯ ಸುಳ್ಳಲ್ಲ. ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ನಿಲ್ಲುವುದಕ್ಕೆ ಹೆಣ್ಣುಮಗಳಿಗೆ ಇರುವುದು ಅದೊಂದೇ ಬಾಗಿಲು. ಹಾಗಾಗಿ ಸಹಿ ಹಾಕಿದವರನ್ನು ದಡ್ಡಿಯರು ಅಂತ ದಯವಿಟ್ಟು ಕರೆಯಬೇಡಿ.

ನನಗೆ ಇದಕ್ಕಿಂತ ಜಾಸ್ತಿ ನೋವಾಗುವುದು ಅಮ್ಮಂದಿರ ವಿಷಯದಲ್ಲಿ. ಗಂಡ ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು. ಇದು ನಿನ್ನೆ ಮೊನ್ನೆ ಬಂದ ಕಾನೂನಲ್ಲ. ಆದರೆ ತಿಥಿ ಮುಗಿದು ತಿಂಗಳಾಗುವುದರೊಳಗೆ ಮಕ್ಕಳು ಕಾಗದ ತರುತ್ತಾರೆ. "ಅವ್ವ, ನಿನ್ನ ಯಾಕೆ ಅಲೆದಾಡಿಸೋದು, ಒಂದು ಸೈನ್ ಹಾಕು, ನಾವೇ ನೋಡ್ಕೋತೀವಿ." ಹೇಳುವ ಮಗ ಕೆಟ್ಟವನೇನಲ್ಲ, ನಿಜವಾಗಿಯೂ ನೋಡಿಕೊಳ್ಳುತ್ತಾನೆ ಅಂತಲೇ ಇಟ್ಟುಕೊಳ್ಳಿ. ಆದರೂ ಆ ಸಹಿ ಬಿದ್ದ ದಿನದಿಂದ ಅವ್ವ ಆ ಮನೆಯಲ್ಲಿ ಇರುವುದು ಮಗನ ಒಳ್ಳೆಯತನದ ಮೇಲೆ.

ಹೆತ್ತವರ ರಕ್ಷಣೆಗೆ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅವರ ಕಚೇರಿ ನಮ್ಮ ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರದಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿದೆ. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ಅದರ 23ನೇ ಸೆಕ್ಷನ್ ಇನ್ನೂ ಗಟ್ಟಿ. ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಕ್ಕಳು ಮಾತು ತಪ್ಪಿದರೆ, ಆ ಪತ್ರವನ್ನೇ ರದ್ದು ಮಾಡಿಸಬಹುದು. ಒಳ್ಳೆಯ ಕಾನೂನು. ಆದರೆ ವಾಪಸ್ ಕೇಳಬೇಕಾದರೆ ಮೊದಲು ಕೊಡುವುದಕ್ಕೆ ಏನಾದರೂ ಇರಬೇಕಲ್ವಾ? ಹೆಸರಲ್ಲಿ ಒಂದು ಗುಂಟೆಯೂ ಇಲ್ಲದ ಅಮ್ಮನಿಗೆ ಈ ಸೆಕ್ಷನ್ನಿನಿಂದ ಏನು ಸಿಗುತ್ತದೆ? ಅಪ್ಪನಿಗೆ ಮಕ್ಕಳ ಮೇಲೆ ಒಂದು ಹಿಡಿತ ಇರುತ್ತದೆ. ಅಮ್ಮನಿಗೆ ಇರುವುದು ಬರೀ ಪ್ರೀತಿ.

ಇನ್ನು ದೇಹದ ಮಾತು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಎಲ್ಲ ಟಿವಿಗಳಲ್ಲೂ ಬಂತು, ನಿಮಗೆಲ್ಲ ನೆನಪಿರುತ್ತದೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ನನಗೆ ಗೊತ್ತಿರುವ ಮನೆಗಳಲ್ಲಿ ಹೋಗಿ ಇಸಿಜಿ ಮಾಡಿಸಿಕೊಂಡು ಬಂದವರು ಹೆಚ್ಚಾಗಿ ಗಂಡಸರು. ಕರೆದುಕೊಂಡು ಹೋದ ಹೆಂಡತಿಯರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ನಿಮಗೂ ಒಂದು ನೋಡಿಸಬಹುದಿತ್ತಲ್ಲ ಅಕ್ಕ" ಅಂದರೆ "ನಂಗೇನಾಗಿದೆ" ಅನ್ನುವ ಉತ್ತರ.

ಆಗಬಹುದು ಅಕ್ಕ. ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಹೆಂಗಸರ ಹೃದಯಕ್ಕೆ ಸ್ವಲ್ಪ ಕಾವಲಿರುತ್ತದೆ. ನಿಂತ ಮೇಲೆ ಆ ಕಾವಲು ಕಡಿಮೆ ಆಗುತ್ತದೆ, ಅಪಾಯ ಏರುತ್ತದೆ. ಮೂಳೆಯ ಕಥೆಯೂ ಹಾಗೇ, ಆ ವರ್ಷಗಳಲ್ಲೇ ಬೇಗ ಸವೆಯುತ್ತದೆ. ಚಿಕ್ಕ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದೆಲ್ಲ ಇನ್ನೂ ಬೇಗ ಶುರುವಾಗುತ್ತದೆ. ಹೆಂಗಸರಿಗೂ ಎದೆನೋವು ಬರುತ್ತದೆ. ಆದರೆ ಉಸಿರು ಕಟ್ಟುವುದು, ವಿಪರೀತ ಸುಸ್ತು, ವಾಕರಿಕೆ, ಬೆನ್ನಲ್ಲಿ ದವಡೆಯಲ್ಲಿ ನೋವು, ಇವು ಅವರಲ್ಲಿ ಜಾಸ್ತಿ ಕಾಣಿಸುತ್ತವೆ. ಇದನ್ನೆಲ್ಲ ನಾವು ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತೇವೆ. ಜೀರಿಗೆ ನೀರು ಕುಡಿದು ಮಲಗುತ್ತೇವೆ, ಬೆಳಿಗ್ಗೆ ಎದ್ದು ಮತ್ತೆ ಮುದ್ದೆ ತೊಳಸುತ್ತೇವೆ. ಐವತ್ತು ದಾಟಿದ ಹೆಂಗಸಿಗೆ ಸುಮ್ನೆ ಸುಮ್ನೆ ಸುಸ್ತಾಗುತ್ತಿದ್ದರೆ ದಯವಿಟ್ಟು ಬಿಪಿ, ಶುಗರ್ ನೋಡಿಸಿ, ಒಂದು ಇಸಿಜಿ ಮಾಡಿಸಿ. ಇದನ್ನು ನಾನು ಗಂಡಸರಿಗೆ ಹೇಳುತ್ತಿದ್ದೇನೆ. ಅವಳಾಗಿ ಕೇಳುವುದಿಲ್ಲ.

ಮಲೆನಾಡಿನ ಒಂಟಿ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಷ್ಟ ಸೇರುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆಯಿಂದ ಬಸ್ಸು ಬರುವ ರಸ್ತೆಗೆ ಮೈಲಿಗಟ್ಟಲೆ ದೂರ. ಜೀಪು ಓಡಿಸುವುದು ಗಂಡ. ಗಂಡ ಹೋದ ಮೇಲೆ ಜೀಪು ಶೆಡ್ಡಿನಲ್ಲೇ ನಿಲ್ಲುತ್ತದೆ, ಅವಳು ಮನೆಯಲ್ಲೇ ನಿಲ್ಲುತ್ತಾಳೆ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಜನ ಅಜ್ಜಿಯರು ಮೊದಲ ಸಲ ಯಾರನ್ನೂ ದುಡ್ಡು ಕೇಳದೆ ಧರ್ಮಸ್ಥಳ ನೋಡಿ ಬಂದರು, ಹಾಸನಾಂಬೆಯ ದರ್ಶನಕ್ಕೆ ಬಂದರು. ಅದನ್ನು ಆಡಿಕೊಂಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಬಸ್ಸೇ ಬರದ ಊರಿನ ಅಜ್ಜಿಗೆ ಅದೂ ಸಿಗುವುದಿಲ್ಲ. ನಲವತ್ತರಲ್ಲೇ ನಿಮ್ಮ ಹೆಂಡತಿಗೆ ಡ್ರೈವಿಂಗ್ ಕಲಿಸಿ. ತೋಟದೊಳಗಿನ ದಾರಿಯಲ್ಲೇ ಕಲಿಸಬಹುದು.

ಕೆಲಸದಿಂದ ನಿವೃತ್ತಿ ಅನ್ನುವುದೂ ಗಂಡಸಿನ ಅನುಭವವೇ. ಸರ್ಕಾರಿ ನೌಕರಿಯ ಟೀಚರಮ್ಮನಿಗೂ ಅರವತ್ತಕ್ಕೆ ಹಾರ ಹಾಕಿ ಬೀಳ್ಕೊಡುತ್ತಾರೆ. ಮಾರನೆಯ ತಿಂಗಳು ಮಗಳ ಬಾಣಂತನಕ್ಕೆ ಅವಳು ಅಮೆರಿಕಕ್ಕೋ ಬೆಂಗಳೂರಿಗೋ ಹೊರಡಬೇಕು. ಬಾಣಂತನಕ್ಕೆ ಅಪ್ಪನೊಬ್ಬನನ್ನೇ ಯಾರೂ ಕರೆಯುವುದಿಲ್ಲ. ಅವನು ಊರಲ್ಲೇ ಉಳಿಯುತ್ತಾನೆ, ಅನ್ನ ಮಾಡಿಕೊಳ್ಳಲು ಬರುವುದಿಲ್ಲ, ಮಾತಾಡಲು ಯಾರೂ ಇಲ್ಲ, ಅವನಿಗೂ ಕಷ್ಟವೇ. ಹೆಂಡತಿ ಸತ್ತ ವರ್ಷದೊಳಗೆ ಕುಗ್ಗಿಹೋದ ಗಂಡಸರನ್ನು ನಾನು ನೋಡಿದ್ದೇನೆ. ಯಾರೂ ಅವರಿಗೆ ಚಿಕ್ಕವರಿದ್ದಾಗ ತಮ್ಮನ್ನು ತಾವು ನೋಡಿಕೊಳ್ಳುವುದನ್ನು ಕಲಿಸಲಿಲ್ಲ.

ಕಾಫಿ ತೋಟದ ಹೆಣ್ಣಾಳುಗಳ ಮಾತು ಹೇಳದೆ ಮುಗಿಸಲಾರೆ. ಕೊಯ್ಲಿನ ದಿನಗಳಲ್ಲಿ ಹಣ್ಣು ಕುಯ್ಯುವವರು ಬಹುತೇಕ ಅವರೇ, ಕೆ.ಜಿ. ಲೆಕ್ಕದಲ್ಲಿ. ಇಳಿಜಾರಿನಲ್ಲಿ ಚೀಲ ಹೊತ್ತು ಹತ್ತಿ ಇಳಿದು ಐವತ್ತಕ್ಕೇ ಮಂಡಿ ಸವೆದಿರುತ್ತದೆ. ದೊಡ್ಡ ಎಸ್ಟೇಟಾದರೆ ಪಿಎಫ್, ಗ್ರಾಚ್ಯುಟಿ ಅಂತ ಏನಾದರೂ ಇರುತ್ತದೆ. ಸಣ್ಣ ತೋಟದಲ್ಲಿ ದಿನಗೂಲಿಗೆ ಹೋಗುವವಳ ಕೈಗೆ ಕೊನೆಗೆ ಏನೂ ಬರುವುದಿಲ್ಲ. ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆ ಇರುವುದು ಕೆಲಸ ಇರುವ ತನಕ. ಮಗನೋ ಸೊಸೆಯೋ ಅದೇ ತೋಟದಲ್ಲಿ ಕೆಲಸಕ್ಕೆ ನಿಂತರೆ ಉಳಿಯಬಹುದು, ಇಲ್ಲದಿದ್ದರೆ ಮನೆಯೂ ಹೋಯಿತು. ಪಹಣಿಯ ಮಾತು ಅವಳಿಗೆ ತೀರಾ ದೂರದ್ದು. ಅವಳಿಗೆ ಬೇಕಾಗಿರುವುದು ಸ್ವಂತಕ್ಕೊಂದು ನಿವೇಶನ, ಅವಳ ಹೆಸರಲ್ಲೇ ಹಕ್ಕುಪತ್ರ.

ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಅತ್ತೆ ಸೊಸೆ ಜಗಳ ಅಂತ ಟಿವಿಯವರು ತಮಾಷೆ ಮಾಡಿದರು. ನಾನು ಕಂಡಿದ್ದು ಬೇರೆ. ಅದುವರೆಗೆ ಎಲೆ ಅಡಿಕೆಗೂ ಮಗನ ಮುಖ ನೋಡುತ್ತಿದ್ದ ಅತ್ತೆಯರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುವುದನ್ನು ನೋಡಿದೆ. ಮೊಮ್ಮಗಳ ಫೀಸಿಗೆ ತಾವೇ ಕೊಟ್ಟದ್ದನ್ನು ನೋಡಿದೆ. ತಮ್ಮ ಹೆಸರಲ್ಲಿ ದುಡ್ಡು ಇದ್ದಾಗ ಆ ಹೆಂಗಸರ ದನಿಯೇ ಬದಲಾಯಿತು. ಎರಡು ಸಾವಿರಕ್ಕೇ ಇಷ್ಟಾದರೆ ಎರಡು ಎಕರೆಗೆ ಏನಾಗಬಹುದು?

ಈಗ ಮಾಡಬೇಕಾದ್ದು. ಅಪ್ಪ ಗಟ್ಟಿಮುಟ್ಟಾಗಿ ಇರುವಾಗಲೇ ಈ ಮಾತು ಎತ್ತಿ. ಸಾವಿನ ಮನೆಯಲ್ಲಿ ಎತ್ತಬೇಡಿ. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದು ನೋಡಿ, ಯಾರ ಹೆಸರಿದೆ ಅಂತ. ಅಪ್ಪ ತಾನೇ ಸಂಪಾದಿಸಿದ, ಅಂದರೆ ಸ್ವಯಾರ್ಜಿತ ಜಮೀನಾದರೆ ಅಮ್ಮನ ಹೆಸರಿಗೆ ಒಂದು ಭಾಗ ದಾನಪತ್ರ ಮಾಡಿಸಿ, ಅಥವಾ ಅಪ್ಪನ ಕೈಯಲ್ಲಿ ವಿಲ್ ಬರೆಸಿ. ವಿಲ್ಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಅಮ್ಮಂದಿರೇ, ಮಕ್ಕಳಿಗೆ ಬರೆದುಕೊಡಲೇಬೇಕು ಅನ್ನಿಸಿದರೆ ಕೊಡಿ. ಆದರೆ ಕೊನೆ ತನಕ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ, ಬಾಯಿ ಮಾತಿನಲ್ಲಿ ಬಿಡಬೇಡಿ. ಸಹಿ ಹಾಕುವ ಮೊದಲು ಪೂರ್ತಿ ಓದಿಸಿ ಕೇಳಿಸಿಕೊಳ್ಳಿ. ಓದುವವರು ಆ ಆಸ್ತಿಯಲ್ಲಿ ಪಾಲು ಇಲ್ಲದವರಾಗಿರಲಿ. ಲಾಯರ್ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನಮ್ಮ ಎರಡೂ ಜಿಲ್ಲೆಗಳಲ್ಲಿ ಕೋರ್ಟಿನ ಆವರಣದಲ್ಲೇ ಇದೆ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿ ಕೇಳುವುದಿಲ್ಲ.