ಯೂರಿಯಾ ಸೋರುವ ಎರಡು ದಾರಿ: ಗೊಬ್ಬರಕ್ಕೆ ಬೆರೆಸುವ ಪ್ರತಿಬಂಧಕಗಳು

ಎಲ್ಲರಿಗೂ ನಮಸ್ಕಾರ.

ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಬೆಳೆಗೆ ದಕ್ಕುತ್ತದೆ. ಮಿಕ್ಕಿದ್ದನ್ನು ಉಳಿಸಿಕೊಳ್ಳಲು ಯೂರಿಯಾಕ್ಕೆ ಬೆರೆಸುವ ಪ್ರತಿಬಂಧಕಗಳಿವೆ, ಅಂದರೆ ಮಣ್ಣಿನಲ್ಲಿ ಸಾರಜನಕ ರೂಪ ಬದಲಿಸುವ ವೇಗವನ್ನು ತಗ್ಗಿಸುವ ರಾಸಾಯನಿಕಗಳು. ಯಾವುದನ್ನು ಬೆರೆಸಬೇಕು ಎನ್ನುವುದಕ್ಕಿಂತ ಮೊದಲು, ನಮ್ಮ ಮಣ್ಣಿನಲ್ಲಿ ಸಾರಜನಕ ಯಾವ ದಾರಿಯಲ್ಲಿ ಸೋರುತ್ತಿದೆ ಎಂದು ತಿಳಿಯಬೇಕು.

ಮೊದಲ ದಾರಿ ಗಾಳಿಯದು. ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆಯುವಾಗ ಹರಳಿನ ಸುತ್ತ ರಸಸಾರ (ಪಿಎಚ್) 8.5ರ ಮೇಲೇರುತ್ತದೆ, ಅಮೋನಿಯ ಆವಿಯಾಗುತ್ತದೆ. ಮೇಲೆಯೇ ಎರಚಿದ ಗೊಬ್ಬರ, ತೇವದ ಮಣ್ಣು, ಬಿಸಿಲು, ಗಾಳಿ ಕೂಡಿದರೆ ನಷ್ಟ ಹೆಚ್ಚು. ಎನ್‌ಬಿಪಿಟಿ ಎಂಬ ಪ್ರತಿಬಂಧಕ ಈ ಕಿಣ್ವವನ್ನು ಒಂದೆರಡು ವಾರ ತಡೆದು ಹಿಡಿಯುತ್ತದೆ. ಬೇಕಾಗುವುದು ತೀರ ಕಡಿಮೆ: 100 ಕಿಲೋ ಸಾರಜನಕಕ್ಕೆ 217 ಕಿಲೋ ಯೂರಿಯಾ, ಅದಕ್ಕೆ ಶೇ. 0.06ರಂತೆ ಸುಮಾರು 130 ಗ್ರಾಂ. ಇಷ್ಟು ಕಡಿಮೆಯಾದ್ದರಿಂದಲೇ ಲೇಪನ ಪ್ರತಿ ಹರಳಿಗೂ ತಾಗಬೇಕು. ಸೂಪರ್ ಫಾಸ್ಫೇಟ್ ಜೊತೆ ಬೆರೆಸಿಟ್ಟರೆ ಅದರ ಆಮ್ಲದಿಂದ ಎನ್‌ಬಿಪಿಟಿ ಹಾಳಾಗುತ್ತದೆ; ಬಿಸಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಅಷ್ಟೆ. ಗೊಬ್ಬರವನ್ನು ಮಣ್ಣಿನೊಳಗೆ ಮುಚ್ಚುವವರಿಗೆ, ಅಥವಾ ಎರಚಿದ ದಿನವೇ ಒಳ್ಳೆಯ ನೀರು ಕೊಡುವವರಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ದಾರಿ ಹವಾಮಾನಕ್ಕೆ ದುಬಾರಿ. ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಮಣ್ಣಿನ ರಂಧ್ರಗಳಲ್ಲಿ ಶೇ. 60ರಿಂದ 80ರಷ್ಟು ನೀರು ತುಂಬಿರುವಾಗ ಆ ನೈಟ್ರೇಟ್‌ನಿಂದ ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಅನಿಲ ಜೋರಾಗಿ ಹೊರಬೀಳುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಲೆಕ್ಕದಲ್ಲಿ ಹಾಕಿದ ಸಾರಜನಕದ ಶೇ. 1ರಷ್ಟು ಹೀಗೆ ಹೋಗುತ್ತದೆ. 100 ಕಿಲೋ ಸಾರಜನಕಕ್ಕೆ 1.57 ಕಿಲೋ ಅನಿಲ. ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುವುದರಿಂದ ಅದು ಸುಮಾರು 430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಎನ್‌ಬಿಪಿಟಿ ಒಂದೇ ಇದನ್ನು ಹೆಚ್ಚು ತಗ್ಗಿಸದು. ಇಲ್ಲಿ ಬೇಕಾದದ್ದು ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುವ ನೈಟ್ರೀಕರಣ ಪ್ರತಿಬಂಧಕ: ಡಿಎಂಪಿಪಿ, ಡಿಸಿಡಿ, ನೈಟ್ರಾಪೈರಿನ್. ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಇವು ಹೊರಸೂಸುವಿಕೆಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ ಮಾಡಿವೆ.

ಆದರೆ ಇವಕ್ಕೂ ಮಿತಿಯಿದೆ. ಡಿಸಿಡಿ 5 ಡಿಗ್ರಿ ಮಣ್ಣಿನಲ್ಲಿ ಅರ್ಧಕ್ಕಿಳಿಯಲು ಮೂರು ತಿಂಗಳಿಗೂ ಹೆಚ್ಚು ಬೇಕು, 25 ಡಿಗ್ರಿಯಲ್ಲಿ ಮೂರು ವಾರ ಸಾಕು. ನೀರಿನಲ್ಲಿ ಕರಗಿ ಬಸಿದೂ ಹೋಗುತ್ತದೆ. ನ್ಯೂಜಿಲೆಂಡಿನಲ್ಲಿ ಹಾಲಿನಲ್ಲಿ ಇದರ ಅಂಶ ಸಿಕ್ಕಿ 2013ರಲ್ಲಿ ಮಾರಾಟ ನಿಂತಿತು. ಹುಲ್ಲುಗಾವಲಿಗೆ ಹಾಕುವವರು ಇದನ್ನು ಮರೆಯಬಾರದು. ಇನ್ನೊಂದು ಅಪಾಯ ಕ್ಷಾರ ಮಣ್ಣಿನಲ್ಲಿದೆ. ಅಮೋನಿಯಂ ಹೆಚ್ಚು ದಿನ ಉಳಿಯುವುದರಿಂದ, ಮೇಲೆ ಎರಚಿದ್ದರೆ ಅಮೋನಿಯ ನಷ್ಟವೇ ಏರುತ್ತದೆ. ಹಾರಿದ ಅಮೋನಿಯ ಬೇರೆಡೆ ಮಣ್ಣಿಗಿಳಿದು, ಅದರಲ್ಲೊಂದು ಪಾಲು ಮತ್ತೆ ನೈಟ್ರಸ್ ಆಕ್ಸೈಡ್ ಆಗುತ್ತದೆ. ಅಂಥ ಕಡೆ ಗೊಬ್ಬರವನ್ನು ಮಣ್ಣಿನೊಳಗೆ ಹಾಕಿ, ಇಲ್ಲವೇ ಎರಡೂ ಪ್ರತಿಬಂಧಕಗಳನ್ನು ಒಟ್ಟಿಗೆ ಬಳಸಿ.

ಇಳುವರಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಸಾರಜನಕ ಸಾಲದ ಬೆಳೆಗೆ ಮಾತ್ರ ಉಳಿಸಿದ ಸಾರಜನಕ ಕಾಳಾಗುತ್ತದೆ. ಮೊದಲೇ ಧಾರಾಳವಾಗಿ ಸುರಿಯುವವರಿಗೆ ಇಳುವರಿ ಏರುವುದಿಲ್ಲ. ಅವರು ಪ್ರಮಾಣ ಇಳಿಸಿದರೆ ಮಾತ್ರ ಲಾಭ.

ಇದನ್ನು ತಿಳಿಯಲು ಒಂದೇ ಹೊಲದಲ್ಲಿ ಮೂರು ಪಟ್ಟಿ ಮಾಡಿ. ಒಂದಕ್ಕೆ ಮಾಮೂಲಿ ಯೂರಿಯಾ. ಎರಡನೆಯದಕ್ಕೆ ಅದೇ ಯೂರಿಯಾ, ಶೇ. 15ರಷ್ಟು ಕಡಿಮೆ. ಮೂರನೆಯದಕ್ಕೂ ಅಷ್ಟೇ ಕಡಿಮೆ, ಆದರೆ ಪ್ರತಿಬಂಧಕ ಬೆರೆಸಿದ್ದು. ಕೊಯ್ಲಿನಲ್ಲಿ ಬೇರೆಬೇರೆ ತೂಗಿ. ಮೂರನೆಯದು ಎರಡನೆಯದನ್ನು ಮೀರಿಸಿ ಮೊದಲನೆಯದಕ್ಕೆ ಸರಿಸಮನಾದರೆ ಪ್ರತಿಬಂಧಕ ಕೆಲಸ ಮಾಡಿದೆ. ಮೊದಲೆರಡೇ ಸಮ ಬಂದರೆ, ಆ ಹೊಲಕ್ಕೆ ಬೇಕಿರುವುದು ಕಡಿಮೆ ಯೂರಿಯಾ, ಪ್ರತಿಬಂಧಕವಲ್ಲ.