ಡ್ರೋನ್‌ಗೆ ಕಾಣದ್ದು, ಬೀಟ್ ಪೊಲೀಸ್‌ಗೆ ಕಾಣೋದು

[ದೃಶ್ಯ: ಬಯಲು ಸೀಮೆಯ ಹುಲ್ಲುಗಾವಲು, ಉದ್ದನೆ ಕಾಂಪೌಂಡ್ ಗೋಡೆ, ದೂರದಲ್ಲಿ ಕುರಿಹಿಂಡು]

ನಮಸ್ಕಾರ. ಚಿತ್ರದುರ್ಗದ ವಿಡಿಯೋ ಅಂದ್ಮೇಲೆ ಕೋಟೆ, ಓಬವ್ವನ ಕಿಂಡಿ ಇರ್ಲೇಬೇಕು. ಇವತ್ತು ಇಲ್ಲ, ಬೈಕೊಬೇಡಿ. ನಾನಿರೋದು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ರ. ಈ ಗೋಡೆ ಆಚೆ ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನ ಹಾರಿಸಿ ಪರೀಕ್ಷೆ ಮಾಡ್ತಾರೆ.

ಟೀ ಅಂಗಡೀಲಿ ಯಾವಾಗ್ಲೂ ಬರೋ ಮಾತು: "ಇಂಥವು ನಾಕು ಕಾಡಿನ ಮೇಲೆ ಬಿಟ್ಟು, ಮಿಲಿಟರಿ ನುಗ್ಸಿದ್ರೆ ನಕ್ಸಲರ ಕತೆ ಒಂದೇ ವಾರ."

ಆಗುತ್ತಾ? ಮೇಲಿರೋ ಕ್ಯಾಮೆರಾಕ್ಕೆ ಒಬ್ಬ ಮನುಷ್ಯ ನಡೀತಿರೋದು ಕಾಣುತ್ತೆ. ಅವನು ಅಕ್ಕಿ ಹೊತ್ತಿದ್ದು ಮನೆಗೋ ಗುಂಪಿಗೋ ಅಂತ ಕಾಣಲ್ಲ. ಗಡಿ ಆಚೆಯ ಸೈನಿಕನಿಗೆ ಸಮವಸ್ತ್ರ ಇರುತ್ತೆ, ಇವರು ಊರಿನವರ ಥರಾನೇ ಇರ್ತಾರೆ. ಗುರುತು ಹಿಡಿಯೋದು ಆ ಊರಿನ ಬೀಟ್ ಪೊಲೀಸ್ ಮಾತ್ರ, ಅದೂ ಊರಿನವರು ಅವನ ಜೊತೆ ಮಾತಾಡಿದ್ರೆ.

[ದೃಶ್ಯ: ಮಿಜೋರಾಂ ನಕಾಶೆ]

ಬಲಪ್ರಯೋಗ ನಮ್ಮ ದೇಶ ಮಾಡಿ ನೋಡಿದೆ. 1966ರ ಮಾರ್ಚ್‌ನಲ್ಲಿ ಮಿಜೋ ಬಂಡಾಯ ಅಡಗಿಸೋಕೆ ನಮ್ಮದೇ ವಾಯುಪಡೆ ನಮ್ಮದೇ ಐಜಾಲ್ ಮೇಲೆ ಬಾಂಬ್ ಹಾಕ್ತು. ಆಮೇಲೆ ಹಳ್ಳಿಗಳನ್ನೇ ಎಬ್ಬಿಸಿ ರಸ್ತೆ ಬದಿ ಕಾವಲಿನೊಳಗೆ ಕೂರಿಸಿದ್ರು. ಬಂಡಾಯ ನಿಂತಿದ್ದು ಯಾವಾಗ? 1986ರ ಜೂನ್ 30ರ ಒಪ್ಪಂದಕ್ಕೆ. ಇಪ್ಪತ್ತು ವರ್ಷ! ಬಂಡಾಯದ ನಾಯಕನಾಗಿ ಬಂದೂಕು ಹಿಡಿದಿದ್ದ ಲಾಲ್‌ಡೆಂಗ ಅದೇ ವರ್ಷ ಮುಖ್ಯಮಂತ್ರಿ ಆದ್ರು. ಇದನ್ನ ನಾವು ಶಾಲೇಲಿ ಓದಿದ ನೆನಪು ನಂಗಂತೂ ಇಲ್ಲ.

ಒಂದು ಲೆಕ್ಕಾನೂ ಇದೆ. 1968ರಿಂದ 2006ರ ನಡುವಿನ 648 ಉಗ್ರ ಗುಂಪುಗಳನ್ನ ಅಮೆರಿಕದ ರ‍್ಯಾಂಡ್ ಸಂಸ್ಥೆ ಅಧ್ಯಯನ ಮಾಡ್ತು. ಕೊನೆಗೊಂಡ ಗುಂಪುಗಳಲ್ಲಿ ಶೇ 43 ರಾಜಕೀಯಕ್ಕೆ ಬಂದವು, ಶೇ 40 ಸ್ಥಳೀಯ ಪೊಲೀಸ್ ಮತ್ತು ಗುಪ್ತಚರರ ಕೆಲಸದಿಂದ ಮುಗಿದವು. ಮಿಲಿಟರಿ ಬಲದಿಂದ ಮುಗಿದಿದ್ದು ಶೇ 7.

ಹಂಗಂತ ಬಂದೂಕು ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರಿನ ಬಳಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಯ್ತು. ವಾರ ಕಳೆಯೋದ್ರೊಳಗೆ ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೇಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ನಕ್ಸಲರ ದಾಳಿ. ಆ ರಾತ್ರಿ ಸತ್ತ ಪೊಲೀಸರ ಮನೆಯವರ ಮುಂದೆ ನಿಂತು ಬರೀ ಮಾತುಕತೆ ಅನ್ನೋಕೆ ನಂಗೂ ಬಾಯಿ ಬರಲ್ಲ. ಆದ್ರೆ ನಾಯಕ ಸತ್ತ, ಗುಂಪು ಸಾಯಲಿಲ್ಲ, ಅದನ್ನೂ ನೋಡಬೇಕು. 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ರ ನಕ್ಸಲ್ ವಿಕ್ರಂ ಗೌಡನ ಎನ್‌ಕೌಂಟರ್ ಆಗೋವರೆಗೂ ನಕ್ಸಲ್ ನಿಗ್ರಹ ಪಡೆ ಕಾಡು ಸುತ್ತುತ್ತಲೇ ಇತ್ತು.

ಉಳಿದವರು ಹೊರಗೆ ಬಂದಿದ್ದು ಬೇರೆ ದಾರೀಲಿ. ನಾಗರಿಕ ವೇದಿಕೆಯವರು ನಡುವೆ ನಿಂತು ಮಾತಾಡಿದ್ರು, ಪುನರ್ವಸತಿ ಪ್ಯಾಕೇಜ್ ಇತ್ತು. 2025ರ ಜನವರಿ 8ರಂದು ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಶರಣಾದ್ರು. ಎನ್‌ಕೌಂಟರ್‌ನ ಭಯ ಅವರನ್ನ ತಳ್ಳಿರಬಹುದು, ಇಲ್ಲ ಅನ್ನಲ್ಲ. ತಳ್ಳಿದ್ರೆ ಬರೋಕೆ ಬಾಗಿಲು ಬೇಕಲ್ಲ? ಬಂದವರಿಗೆ ಕೇಸು ತಪ್ಪಲಿಲ್ಲ, ಅದು ಕೋರ್ಟಿನ ಕೆಲಸ.

[ದೃಶ್ಯ: ಮತ್ತೆ ಗೋಡೆ, ಕುರಿಗಾಹಿಗಳು]

ಮಲೆನಾಡಲ್ಲಿ ಸಿಟ್ಟು ಹುಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ. ಇಲ್ಲೂ ಅಮೃತಮಹಲ್ ಕಾವಲಿನ, ಅಂದ್ರೆ ದನ-ಕುರಿ ಮೇಯೋ ಹುಲ್ಲುಗಾವಲಿನ, ಸಾವಿರಾರು ಎಕರೆ ಹೋಯ್ತು, ಕುರಿ ಮೇಯಿಸೋರ ದಾರಿಗೆ ಗೋಡೆ ಬಂತು. ಬಯಲು ಸೀಮೆ, ಅಡಗೋಕೆ ಕಾಡಿಲ್ಲ, ಅದಕ್ಕೇ ಇಲ್ಲಿ ಬಂದೂಕು ಏಳಲಿಲ್ಲ ಅಂತ ನೀವು ಅನ್ನಬಹುದು. ಇರಬಹುದು. ಆದ್ರೆ ಈ ಜಮೀನಿನ ಜಗಳ 2013ರಲ್ಲಿ ಹೋಗಿದ್ದು ಚೆನ್ನೈನ ಹಸಿರು ನ್ಯಾಯಮಂಡಳಿಗೆ, ಅರ್ಜಿ ಹಿಡ್ಕೊಂಡು. ಆ ಅರ್ಜಿಗೆ ಏನಾಯ್ತು, ಗೋಡೆ ಈಚೆಯವರಿಗೆ ಸಿಕ್ಕಿದ್ದೇನು? ಮುಂದಿನ ವಿಡಿಯೋ ಅದರದ್ದೇ.