ಬಾದಾಮಿ ಗುಡ್ಡದ ಕಂಟಿಗಳು: ಹೂ ಆಮ್ಯಾಲ, ಮೊದಲ ಎಲಿ ನೋಡ್ರಿ

[ದೃಶ್ಯ: ಅಗಸ್ತ್ಯತೀರ್ಥದ ದಂಡೆ. ಕ್ಯಾಮೆರಾ ಗುಹೆಗಳನ್ನು ದಾಟಿ ಕೆಂಪು ಬಂಡೆಯ ನೆತ್ತಿಯ ಹಸಿರಿಗೆ ಏರುತ್ತದೆ.]

ನಮಸ್ಕಾರ್ರೀ ಎಲ್ಲಾರಿಗೂ. ಬಾದಾಮಿಗೆ ಬಂದವರಿಗೆ ಗೈಡ್ ಎಲ್ಲಾ ಹೇಳ್ತಾರ. ಒಂದನೇ ಗುಹೆದಾಗ ಹದಿನೆಂಟು ಕೈಯ ನಟರಾಜ, ಮೂರನೇ ಗುಹೆದಾಗ ಮಂಗಳೇಶ ಕೆತ್ತಿಸಿದ ಶಾಸನ, ಕ್ರಿ.ಶ. 578ರದ್ದು. ಆದ್ರ ಅದ ಮೆಟ್ಟಿಲ ಬಾಜೂಕ ನಿಂತ ಕಂಟಿ ಯಾವ್ದು ಅಂತ ಕೇಳ್ರಿ ನೋಡೋಣು. "ಯಾವ್ದೋ ಕಾಡು ಗಿಡ ಬಿಡ್ರಿ" ಅಂದು ಮುಂದ ಹೊಂಟಬಿಡ್ತಾರ.

ಇವತ್ತ ಆ ಕಾಡು ಗಿಡಗಳ ಹತ್ರ ನಿಂದ್ರೋಣು. ನಾವೀಗ ಬಾದಾಮಿಯಿಂದ ಮಹಾಕೂಟಕ್ಕ ಹೋಗೋ ಗುಡ್ಡದ ಕಾಲುದಾರಿಯೊಳಗ ಅದೀವಿ. ಗಣೇಶ ಚವತಿಯಿಂದ ದೀಪಾವಳಿ ತನಕ ಈ ಗುಡ್ಡ ನೋಡಾಕ ಚಲೋ ಇರ್ತೈತಿ. ಮರಳುಗಲ್ಲಿನ ಬಂಡಿ, ಮ್ಯಾಲ ಒಂದೀಟ ಮಣ್ಣು, ಬಿದ್ದ ಮಳಿ ನಿಲ್ಲಂಗಿಲ್ಲ. ಹಿಂತಾ ಜಾಗದಾಗ ಬದುಕಬೇಕಂದ್ರ ಗಿಡಕ್ಕ ಮುಳ್ಳ ಬೇಕು, ಅಂಟ ಬೇಕು, ಇಲ್ಲಾ ಕಾಂಡದಾಗ ನೀರ ಕೂಡಿಟ್ಕೋಬೇಕು. ಗುರುತು ಹಿಡಿಯಾಕ ನಮಗ ಬೇಕಾಗಿದ್ದೂ ಇವ.

ನಾವೇನ ಮಾಡ್ತೀವಿ? ಮೊಬೈಲ್ ತಗದು ಹೂವಿಂದಷ್ಟ ಒಂದ ಫೋಟೋ ಹೊಡದು ಆ್ಯಪಿಗೆ ಹಾಕ್ತೀವಿ. ಹಳದಿ ಹೂವಂದ್ರ ಅದು ಹತ್ತು ಹೆಸರು ತೋರಸ್ತೈತಿ. ಆ್ಯಪಿನ ತಪ್ಪಲ್ಲ ಅದು. ಹೂ ಎರಡು ದಿನ ಇದ್ದು ಉದುರತೈತಿ, ಎಲಿ ಮತ್ತ ಮುಳ್ಳು ಗಿಡದ ಸಂಗಾಟ ಇರ್ತಾವ. ಗಿಡ ಬ್ಯಾಸಗಿಯೊಳಗ ಹೂ ಬಿಡೋದಿತ್ತಂದ್ರ ನೀವ ದಸರಾಕ್ಕ ಬಂದು ಏನ ನೋಡ್ತೀರಿ?

[ದೃಶ್ಯ: ಹಳದಿ ಹೂಗಳಿಂದ ತುಂಬಿದ ಆಳೆತ್ತರದ ಕಂಟಿ. ನಿಧಾನವಾಗಿ ಹತ್ತಿರಕ್ಕೆ.]

ಮೊದಲನೇದ್ದು ನಿಮಗೆಲ್ಲಾ ಗೊತ್ತಿದ್ದದ್ದ. ಹೊನ್ನಂಬರಿ. ತಂಗಡಿ ಅಂತನೂ ಅಂತಾರ, ಪುಸ್ತಕದಾಗ ಆವರಿಕೆ. ದೀಪಾವಳಿ ಪಾಡ್ಯಕ್ಕ ಸಗಣಿಲೇ ಪಾಂಡವರನ್ನ ಮಾಡಿ, ಉತ್ತರಾಣಿ ಕಡ್ಡಿ ಚುಚ್ಚಿ, ಈ ಹೂ ಏರಸ್ತೀವಲ್ಲ, ಅದ. ಆದ್ರ ಹೂ ಬಿಟ್ಟಾಗ ಗುರುತ ಹಿಡಿಯೋದು ದೊಡ್ಡ ಮಾತಲ್ಲ.

ಎಲಿ ಹಿಡಕೋರಿ. ಒಂದ ಕಡ್ಡಿಗೆ ಎರಡೂ ಬಾಜೂಕ ಎಂಟರಿಂದ ಹನ್ನೆರಡು ಜೋಡಿ ಸಣ್ಣ ಎಲಿ. ಈಗ ಆ ಕಡ್ಡಿ ಟೊಂಗಿಗೆ ಕೂಡೋ ಬುಡಕ್ಕ ಬರ್ರಿ. ಅಲ್ಲಿ ಕಿವಿ ಆಕಾರದ ಎರಡು ಹಸಿರು ತುಣುಕು ಅದಾವ, ಕಂಡೂವಿಲ್ಲೋ? ಈ ಕಿವಿ ಕಂಡ್ರ ಹೂ ಇರದಿದ್ರೂ ಹೊನ್ನಂಬರಿ ಅಂತ ಹೇಳಬಹುದು. ಕಾಯಿ ಚಪ್ಪಟಿ, ಒಣಗಿದ ಮ್ಯಾಲ ಕಾಗದದಂಗ ತೆಳ್ಳಗ. ಇದರ ತೊಗಟಿಲೇ ಹಿಂದ ತೊಗಲು ಹದಾ ಮಾಡ್ತಿದ್ರು.

ಒಂದ ನಿಮಿಷ ಸುಮ್ಮನ ನಿಂದ್ರ್ರಿ. ಕರೀ ದುಂಬಿ ಬರಾಕತ್ತೈತಿ.

[ದೃಶ್ಯ: ಹೂವಿಗೆ ಜೋತುಬಿದ್ದ ದುಂಬಿ. ಗುಂಯ್‌ಗುಡುವ ಸದ್ದು ಜೋರಾಗಿ. ಹಿನ್ನೆಲೆ ಸಂಗೀತ ಬೇಡ.]

ಕೇಳಿದ್ರೇನು? ಹಾರುವಾಗಿನ ಸಪ್ಪಳ ಬ್ಯಾರೆ, ಹೂವಿನ ಮ್ಯಾಲ ಕುಂತಾಗಿನ ಸಪ್ಪಳ ಬ್ಯಾರೆ. ಈ ಹೂವಿನಾಗ ಮಕರಂದ ಇಲ್ಲ. ದುಂಬಿ ಬಂದದ್ದು ಪರಾಗಕ್ಕ. ಕೇಸರ ಸೀಳಿ ತೆರೆಯಂಗಿಲ್ಲ, ತುದಿಗೆ ಸಣ್ಣ ತೂತು ಅಷ್ಟ. ದುಂಬಿ ಗಟ್ಟಿ ಹಿಡದು ಮೈ ನಡಗಿಸಿದ್ರ ಉಪ್ಪಿನ ಡಬ್ಬಿ ಅಲುಗಿಸಿದಂಗ ಪರಾಗ ಉದುರತೈತಿ. ನನಗ ಕೇಳಿದ್ರ ಗುಹೆ ನೋಡಾಕ ಬಂದವರು ಇದನ್ನೂ ಒಂದ ಸಲ ನೋಡಿ ಹೋಗಬೇಕ್ರಿ.

ಇದರ ತಮ್ಮ ಅನ್ನಬಹುದಾದ್ದು ತೊಗಚಿ. ಹಳದಿ ಹೂವ, ಆದ್ರ ಮೊಣಕಾಲ ಎತ್ತರ, ಎಲಿ ಮೂರ ಜೋಡಿ, ತಿಕ್ಕಿದ್ರ ಗಬ್ಬು ನಾತ. ಕಾಯಿ ಸಣ್ಣಗ, ಉದ್ದಕ, ಬಾಗಿರ್ತೈತಿ. ಇನ್ನ ರಸ್ತಾ ಬಾಜೂಕ ಹಳದಿ ಹೂ ಬಿಟ್ಟ ದತ್ತೂರಿ ಮೆಕ್ಸಿಕೋದ್ದು. ಎಲಿಗೆಲ್ಲಾ ಮುಳ್ಳು, ಮುರದ್ರ ಹಳದಿ ಹಾಲು. ಮೂರೂ ಹಳದಿ, ಮೂರರ ಎಲಿನೂ ಬ್ಯಾರೆ.

[ದೃಶ್ಯ: ಗುಲಾಬಿ ಬಣ್ಣದ ಗೊಂಚಲು ತುಂಬಿದ ಕಂಟಿ.]

ಈ ಕಂಟಿ ನೋಡ್ರಿ. ಎಂಥಾ ಚೆಂದ ಗುಲಾಬಿ ಹೂ ಅಂತೀರಿ. ಹೂ ಅಲ್ರೀ ಇದು, ಕಾಯಿ! ಇದು ಬಂದರಿಕೆ, ಕೆಲವು ಕಡೆ ಹಂಗರಿಕೆ. ಇದರ ಹೂವಿಗೆ ಪಕಳಿನ ಇಲ್ಲ, ಪರಾಗ ಗಾಳಿಗೆ ಹೋಗತೈತಿ. ದುಂಬಿ ಕರಿಯೋ ಗರಜ ಇಲ್ಲಂದ ಮ್ಯಾಲ ಬಣ್ಣ ಯಾಕ ಬೇಕು? ಬಣ್ಣ ಬಂದದ್ದು ಕಾಯಿಗೆ. ಕಾಯಿಗೆ ಮೂರ ರೆಕ್ಕಿ ಇರ್ತಾವ, ಒಣಗಿದ್ರ ಗಾಳಿಗೆ ಹಾರತಾವ.

ಎಲಿ ಉದ್ದಕ, ಬುಡದ ಕಡೆ ಸಣ್ಣಗಾಕ್ಕೋತ ಬರತೈತಿ, ಎಣ್ಣಿ ಹಚ್ಚಿದಂಗ ಮಿಂಚತೈತಿ. ಎರಡು ಬಟ್ಟಿನಾಗ ಹಿಡದು ಬಿಡ್ರಿ, ಅಂಟತೈತಿ. ಮಣ್ಣಿಲ್ಲದ ಬಂಡಿ ಮ್ಯಾಲ ಹಸರಾಗಿ ನಿಂತ ಕಂಟಿ, ಕೈಗೆ ಅಂಟಿತಂದ್ರ ಬಂದರಿಕೆ ಅಂತ ತಿಳಕೋರಿ. ಗಂಡು ಹೂವಿನ ಗಿಡ ಬ್ಯಾರೆ, ಹೆಣ್ಣು ಹೂವಿನ ಗಿಡ ಬ್ಯಾರೆ ಇರೋದು ಹೆಚ್ಚು, ಅದಕ್ಕ ಎಲ್ಲಾ ಗಿಡದಾಗೂ ಈ ಗುಲಾಬಿ ಗೊಂಚಲ ಕಾಣಂಗಿಲ್ಲ.

[ದೃಶ್ಯ: ಅಕ್ಕಪಕ್ಕದ ಎರಡು ಮುಳ್ಳುಕಂಟಿ. ಕೈ ಒಂದೊಂದರ ಎಲೆ ಮುರಿಯುತ್ತದೆ.]

ಈಗ ಹೂವೂ ಇಲ್ಲ, ಹಣ್ಣೂ ಇಲ್ಲ, ಎರಡೂ ಮುಳ್ಳ ಕಂಟಿ. ಒಂದು ಕವಳಿ, ಒಂದು ಕಾರಿ. ಯಾವ್ದು ಯಾವ್ದು? ಎಲಿ ಮುರೀರಿ. ಬೆಳ್ಳನ ಹಾಲು ಬಂತೋ, ಕವಳಿ. ಇದರ ಮುಳ್ಳು ಒಮ್ಮೊಮ್ಮೆ ತುದಿಗೆ ಕವಲ ಒಡದಿರ್ತೈತಿ. ಹಾಲಿಲ್ಲ, ಮುಳ್ಳು ನೆಟ್ಟಗ, ಎದುರಾಬದುರಾ ಜೋಡಿಯಾಗಿ ಅದಾವೋ, ಅದು ಕಾರಿ. ಬ್ಯಾಸಗಿಯೊಳಗ ಕವಳಿಗೆ ಮಲ್ಲಿಗಿ ಹಂಗ ಬಿಳಿ ಹೂ, ಆಮ್ಯಾಲ ಕರೀ ಹಣ್ಣು. ಕಾರಿ ಹಣ್ಣು ಹಳದಿ. ಬಾರಿ, ಪರಗಿ ಇದ್ರೊಳಗ ಸೇರಂಗಿಲ್ಲ. ಅವುಗಳ ಎಲಿಗೆ ಬುಡದಿಂದಲೇ ಮೂರ ನರ ಹೊಂಡತಾವ, ನೋಡಿದ ಕೂಡಲೇ ಗೊತ್ತಾಗತೈತಿ.

ಹಾಲಿನ ಪರೀಕ್ಷಾ ಇನ್ನೊಂದು ಕಡೆ ಭಾಳ ಉಪಯೋಗ ಬೀಳತೈತಿ. ಬಂಡಿ ಸಂದಿಯೊಳಗ ಎಲಿ ಇಲ್ಲದ, ನಾಲ್ಕು ಮೂಲಿ ಕಾಂಡದ ಗಿಡ ಕಾಣತೈತಿ. ಇದು ಮಂಗನಕೋಡು. ಮುರದ್ರ ನೀರಿನಂಥಾ ರಸ, ಹಾಲಿಲ್ಲ. ಹೂವಿಗೆ ಮೂಗ ಹಚ್ಚಬ್ಯಾಡ್ರಿ, ಕೊಳತ ಮಾಂಸದ ನಾತ, ನೊಣ ಕರಿಯಾಕ. ಬಾಜೂಕನ ಇರೋ ಕಳ್ಳಿ ಮುರದ್ರ ಹಾಲ ಸುರೀತೈತಿ, ಅದು ಕಣ್ಣಿಗೆ ಬಿದ್ರ ದವಾಖಾನಿನ ಗತಿ. ಮತ್ತ ಡಬಗಳ್ಳಿ? ಅದು ಅಮೆರಿಕದಿಂದ ಬಂದದ್ದು. ನಮ್ಮ ಕಳ್ಳಿಗೂ ಅದಕ್ಕೂ ಸಂಬಂಧನ ಇಲ್ಲ. ಹಾಂ, ಸಂದಿಯೊಳಗ ಕೈ ಹಾಕೋಕಿಂತ ಮೊದಲ ಕಟಗಿಲೇ ತಡವಿ ನೋಡ್ರಿ, ಹಾವು ಇರ್ತಾವ.

[ದೃಶ್ಯ: ನೆಲಮಟ್ಟದ ಶಾಟ್. ಉಗುರಿನಷ್ಟು ಸಣ್ಣ ನೀಲಿ ಹೂ.]

ನೆಲದ ಮ್ಯಾಲಿಂದು ವಿಷ್ಣುಕ್ರಾಂತಿ. ಮುಂಜಾನೆ ಅರಳಿ ಮಧ್ಯಾಹ್ನಕ್ಕ ಮುಚ್ಚತೈತಿ, ಎಲಿ ಮ್ಯಾಲ ರೇಶಿಮೆ ಕೂದಲ. ಹನ್ನೆರಡಕ್ಕ ಬಂದು ಹೂ ಇಲ್ಲ ಅನ್ನಬ್ಯಾಡ್ರಿ.

ಇನ್ನ ಎರಡು ಕಂಟಿ, ಇವನ್ನ ನಾನು ಸಿಟ್ಟಿನಿಂದ ತೋರಸಾಕತ್ತೀನಿ. ಲಂಟಾನಾ: ನಾಲ್ಕು ಮೂಲಿ ಕಾಂಡ, ಸಣ್ಣ ಮುಳ್ಳು, ಒಂದ ಗೊಂಚಲದಾಗ ಎರಡ ಬಣ್ಣ. ಹಕ್ಕಿ ಹಣ್ಣು ತಿಂದು ಬೀಜ ಊರೆಲ್ಲಾ ಹರವತಾವ. ಇನ್ನೊಂದು ಬಳ್ಳಾರಿ ಜಾಲಿ: ಹೂ ಉದ್ದನ ತೆನಿ. ನಮ್ಮ ಕರಿಜಾಲಿಗೆ ದುಂಡನ ಹಳದಿ ಗುಂಡು. ಲಂಟಾನಾ, ಬಳ್ಳಾರಿ ಜಾಲಿ ಎರಡೂ ಅಮೆರಿಕ ಖಂಡದವು. ಚೆಂದ ಕಾಣತಾವ ಅಂತ ಲಂಟಾನಾ ಮುಂದ ನಿಂತು ಸೆಲ್ಫಿ ಹೊಡಕೊಳ್ಳೋರು ಅದಾರ. ಹೊಡಕೋರಿ, ಆದ್ರ ಅದಕ್ಕ "ನಮ್ಮ ಗುಡ್ಡದ ಹೂ" ಅಂತ ಬರೀಬ್ಯಾಡ್ರಿ.

[ದೃಶ್ಯ: ಮೇಲ್ಭಾಗ ಗುಲಾಬಿ, ತುದಿ ಹಳದಿಯಾಗಿ ತೂಗುವ ಜೋಡಿಬಣ್ಣದ ಹೂ.]

ಇದರ ಶಾಸ್ತ್ರೀಯ ಹೆಸರು ಡೈಕ್ರೊಸ್ಟಾಕಿಸ್, ಕಂಟಿ ನಮ್ಮದ. ಗುಲಾಬಿ ಭಾಗದ ಹೂವಿಂದ ಕಾಯಿ ಆಗಂಗಿಲ್ಲ, ಕಾಯಿ ಕಟ್ಟೋದು ಹಳದಿ ಭಾಗದಾಗ. ಒಂದೊಂದು ಊರಾಗ ಒಂದೊಂದು ಹೆಸರೈತಿ. ನಿಮ್ಮ ಊರಾಗ ಇದಕ್ಕ ಏನಂತಾರ ಅಂತ ಬರದು ಕಳಸ್ರಿ, ಸಂಗಾಟ ಫೋಟೋನೂ ಇರಲಿ: ಹೂವಿಂದು, ಎಲಿಯ ಎರಡೂ ಮಗ್ಗಲಿಂದು, ಎಲಿ ಬುಡದ್ದು, ಕಾಯಿದು, ಇಡೀ ಗಿಡದ್ದು. ಕಿತ್ತು ತರಬ್ಯಾಡ್ರಿ. ಮುಂದಿನ ವಿಡಿಯೋದಾಗ ಗೋಕಾಕ ಫಾಲ್ಸಿನ ಕಡೆ ಹೋಗೋಣು.